ಹಳೆಯ ಸೆಸ್ನಾದ ಜನರೇಟರ್ ಸ್ನ್ಯಾಗ್ ಹಿಡಿಯಲು ಯುಟಿ210ಇ ಕ್ಲ್ಯಾಂಪ್ ಮೀಟರ್: ಲ್ಯಾಮಿಂಗ್ಟನ್ ರೋಡಿಗೆ ಹೋಗುವ ಮುನ್ನ ಓದಿ

ಸ್ನ್ಯಾಗ್ ಶೀಟಿನಲ್ಲಿ, ಅಂದರೆ ವಿಮಾನದ ದೋಷಗಳನ್ನು ಬರೆಯುವ ಹಾಳೆಯಲ್ಲಿ, ‘ಜನರೇಟರ್ ಚಾರ್ಜ್ ಆಗುತ್ತಿಲ್ಲ’ ಎಂದು ಬರೆದಿದ್ದರೆ ಹ್ಯಾಂಗರಿನಲ್ಲಿ ಎಲ್ಲರ ಕೈ ಮೊದಲು ಹೋಗುವುದು ಸ್ಪ್ಯಾನರ್ ಕಡೆಗೆ. ಜನರೇಟರ್ ಇಳಿಯುತ್ತದೆ, ಓವರ್‌ಹಾಲ್‌ಗೆ ಹೋಗುತ್ತದೆ, ವಾರಗಳ ಮೇಲೆ ವಾಪಸ್ ಬರುತ್ತದೆ. ಹಾಕಿ ನೋಡಿದರೆ ಅದೇ ಸ್ನ್ಯಾಗ್. ಯಾಕೆಂದರೆ ಕೆಟ್ಟಿದ್ದು ಜನರೇಟರ್ ಅಲ್ಲ, ಅದರ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರಿನ ಅಡಿಯ ಅರ್ತ್, ಅಂದರೆ ವಿಮಾನದ ಲೋಹದ ಮೈಗೆ ಸೇರುವ ಜೋಡಣೆ. ಇಳಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕರೆಂಟ್ ಎಲ್ಲಿಂದ ಎಲ್ಲಿಗೆ ಹರಿಯುತ್ತಿದೆ, ಎಷ್ಟು ಹರಿಯುತ್ತಿದೆ? ವೋಲ್ಟ್ ಮೀಟರ್ ಇದಕ್ಕೆ ಅರ್ಧ ಉತ್ತರ ಕೊಡುತ್ತದೆ. ಉಳಿದರ್ಧ ಕೊಡುವುದು, ವೈರ್ ಕತ್ತರಿಸದೆ ಅದರ ಸುತ್ತ ದವಡೆ ಮುಚ್ಚಿ ಕರೆಂಟ್ ಅಳೆಯುವ ಡಿ.ಸಿ. ಕ್ಲ್ಯಾಂಪ್ ಮೀಟರ್. ಕೈಗೆಟಕುವ ದರದಲ್ಲಿ ಈ ಕೆಲಸಕ್ಕೆ ನಿಜವಾಗಿ ಒದಗುವುದು ಯುನಿ-ಟಿ ಕಂಪನಿಯ ಯುಟಿ210ಇ.

ಮುಂಬೈ, ಪುಣೆಯಲ್ಲಿ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರಿಂಗ್) ಓದಲು ಬಂದಿರುವ ಬೆಳಗಾವಿ, ವಿಜಯಪುರ, ಹುಬ್ಬಳ್ಳಿ ಕಡೆಯ ಹುಡುಗ ಹುಡುಗಿಯರಿಗೆ, ಜುಹು ಅಥವಾ ಬಾರಾಮತಿಯಂಥ ಕಡೆ ಪಿಸ್ಟನ್ ವಿಮಾನಗಳ ಮೇಲೆ ಕೆಲಸ ಮಾಡುವ ತಂತ್ರಜ್ಞರಿಗೆ ಎಂದೇ ಈ ವಿಮರ್ಶೆ. ಮನೆಯ ವೈರಿಂಗ್ ಕೆಲಸಕ್ಕೆ ಈ ಮೀಟರ್ ಹೇಗಿದೆ ಎಂದು ತಿಳಿಯಬೇಕಾದವರಿಗೆ ಇಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಮೊದಲು ಕೊಳ್ಳುವ ಮಾತು. ಮುಂಬೈನಲ್ಲಾದರೆ ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವದ ಕಡೆ ನಡೆದರೆ ಲ್ಯಾಮಿಂಗ್ಟನ್ ರೋಡ್. ಪುಣೆಯಲ್ಲಾದರೆ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿ. ಎರಡೂ ಕಡೆ ಅಂಗಡಿಯವರಿಗೆ ಬರೀ ‘ಕ್ಲ್ಯಾಂಪ್ ಮೀಟರ್’ ಎಂದರೆ ಎ.ಸಿ. ಮಾತ್ರ ಅಳೆಯುವ ಮೀಟರ್ ಕೈಗಿಡುತ್ತಾರೆ. ಅವರದು ತಪ್ಪಲ್ಲ, ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಮನೆ, ಫ್ಯಾಕ್ಟರಿ ಎಲೆಕ್ಟ್ರೀಷಿಯನ್ನರು. ನೀವು ‘ಡಿ.ಸಿ. ಆಂಪಿಯರ್’ ಎಂದು ಒತ್ತಿ ಹೇಳಬೇಕು, ಮಾಡೆಲ್ಲಿನ ಕೊನೆಯ ಅಕ್ಷರವನ್ನು ಕಣ್ಣಾರೆ ಓದಬೇಕು. ಇದೇ ಸರಣಿಯ 210ಎ, 210ಬಿ, 210ಸಿ ನೋಡಲು ಅಣ್ಣತಮ್ಮಂದಿರ ಹಾಗಿವೆ. ಆದರೆ ಅವು ಡಿ.ಸಿ. ಕರೆಂಟ್ ಅಳೆಯುವುದಿಲ್ಲ, ವಿಮಾನದ ಬ್ಯಾಟರಿ ಕೇಬಲ್ಲಿಗೆ ಹಾಕಿದರೆ ಸೊನ್ನೆ ತೋರಿಸಿ ಸುಮ್ಮನಿರುತ್ತವೆ. 210ಡಿ ಡಿ.ಸಿ. ಅಳೆಯುತ್ತದೆ, 200 ಆಂಪ್ ತನಕ ಹೋಗುತ್ತದೆ, ಆದರೆ ಅದಕ್ಕೆ 2 ಆಂಪ್‌ನ ಸೂಕ್ಷ್ಮ ಡಿ.ಸಿ. ರೇಂಜ್ ಇಲ್ಲ. ನಮ್ಮ ಕೆಲಸಕ್ಕೆ ಆ ರೇಂಜೇ ಜೀವಾಳ. 210ಇಯಲ್ಲಿ 2, 20, 100 ಆಂಪ್ ಹೀಗೆ ಮೂರು ರೇಂಜ್. 2 ಆಂಪ್ ರೇಂಜಿನಲ್ಲಿ 1 ಮಿಲಿಆಂಪ್ ತನಕ ಅಂಕಿ ಓದಬಹುದು.

ಅಂಗಡಿಯಲ್ಲೇ ಪರೀಕ್ಷಿಸಿ ತರುವುದು ಕಷ್ಟವಲ್ಲ. 12 ವೋಲ್ಟ್, 21 ವಾಟ್‌ನ ಒಂದು ಇಂಡಿಕೇಟರ್ ಬಲ್ಬ್, ಸ್ಕೂಟರ್ ಬ್ಯಾಟರಿ ಅಥವಾ 12 ವೋಲ್ಟ್ ಅಡಾಪ್ಟರ್ ಇದ್ದರೆ ಸಾಕು. ಲೆಕ್ಕಕ್ಕೆ 1.75 ಆಂಪ್ ಆಸುಪಾಸು ಬರಬೇಕು. ಬಲ್ಬಿನ ಎರಡು ವೈರ್‌ಗಳಲ್ಲಿ ಒಂದನ್ನು ಮಾತ್ರ ದವಡೆಯೊಳಗೆ ಹಾಕಿ ಓದಿ, ಆಮೇಲೆ ಮೀಟರನ್ನು ತಿರುಗಿಸಿ ಹಾಕಿ. ಅಂಕಿ ಹೆಚ್ಚುಕಡಿಮೆ ಅಷ್ಟೇ ಇದ್ದು ಮುಂದೆ ಮೈನಸ್ ಬರಬೇಕು. ಪ್ಲಸ್‌ಗೂ ಮೈನಸ್‌ಗೂ ದೊಡ್ಡ ವ್ಯತ್ಯಾಸ ಕಂಡರೆ ವೈರ್ ಹೊರಗಿಟ್ಟು ಝೀರೋ ಬಟನ್ ಒತ್ತಿ ಇನ್ನೊಮ್ಮೆ ನೋಡಿ. ಆಗಲೂ ಹಾಗೇ ಇದ್ದರೆ ಬೇರೆ ಪೀಸ್ ಕೇಳಿ. ಅದೇ ವೈರನ್ನು ದವಡೆಯ ಸುತ್ತ ಐದು ಸುತ್ತು ಹಾಕಿದರೆ 20 ಆಂಪ್ ರೇಂಜಿನಲ್ಲಿ 8.75ರ ಹತ್ತಿರ ತೋರಿಸಬೇಕು. ಸುತ್ತಿನ ಈ ಉಪಾಯ ನೆನಪಿರಲಿ, ಮುಂದೆ ಬೇಕಾಗುತ್ತದೆ. ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಎರಡು ಮೂರು ಕಡೆ ಕೇಳಿ. ಜಿ.ಎಸ್.ಟಿ. ಬಿಲ್ ಇಲ್ಲದೆ ಮಾತ್ರ ತರಬೇಡಿ, ವಾರಂಟಿಗೂ ಕ್ಯಾಲಿಬ್ರೇಷನ್ ದಾಖಲೆಗೂ ಅದು ಬೇಕು. ಗೋವಾದಲ್ಲಿರುವವರು ಆನ್‌ಲೈನ್ ತರಿಸುವುದೇ ವಾಸಿ. ಡಬ್ಬಿ ಬಿಚ್ಚಿದ ದಿನವೇ ಈ ಬಲ್ಬ್ ಪರೀಕ್ಷೆ ಮಾಡಿಬಿಡಿ.

ಇನ್ನು ಬಳಕೆ. ಮೊದಲ ದಿನವೇ ಎಲ್ಲರನ್ನೂ ಮೋಸಗೊಳಿಸುವ ಒಂದು ಗುಣ ಇದಕ್ಕಿದೆ. ಆಂಪ್ ರೇಂಜಿಗೆ ತಿರುಗಿಸಿದ ಕೂಡಲೇ ಇದು ಎ.ಸಿ. ಮೋಡಿನಲ್ಲಿ ಏಳುತ್ತದೆ. ಸೆಲೆಕ್ಟ್ ಬಟನ್ ಒತ್ತಿ ಡಿ.ಸಿ.ಗೆ ತರಬೇಕು. ಮರೆತರೆ ಜನರೇಟರಿನ ಔಟ್‌ಪುಟ್ ವೈರ್ ಮೇಲೆ ಹಾಕಿದಾಗ ಸೊನ್ನೆಯ ಹತ್ತಿರದ ಅಂಕಿ ಕಾಣುತ್ತದೆ, ಚೆನ್ನಾಗಿರುವ ಜನರೇಟರನ್ನು ನೀವು ಸತ್ತಿದೆ ಎಂದು ಬರೆದುಬಿಡುತ್ತೀರಿ. ರೇಂಜ್ ಬದಲಿಸಿದಾಗಲೆಲ್ಲ ಪರದೆಯ ಮೇಲೆ ಡಿ.ಸಿ. ಗುರುತು ಇದೆಯೇ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ.

ಎರಡನೆಯದು ಝೀರೋ. ದವಡೆಯೊಳಗೆ ಇರುವುದು ಕಾಂತಕ್ಷೇತ್ರ ಅಳೆಯುವ ಹಾಲ್ ಸೆನ್ಸರ್, ಅದು ಭೂಮಿಯ ಕಾಂತಕ್ಷೇತ್ರವನ್ನೂ ಹಿಡಿಯುತ್ತದೆ. ಸ್ಟಾರ್ಟರ್ ಮೋಟಾರ್, ಕಾಂತ ಹಿಡಿದ ಉಕ್ಕಿನ ಎಂಜಿನ್ ಮೌಂಟ್ ಪೈಪು ಹತ್ತಿರವಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಬೆಂಚಿನ ಮೇಲೆ ಝೀರೋ ಮಾಡಿ ವಿಮಾನದ ಹತ್ತಿರ ಹೋದರೆ ಉಪಯೋಗವಿಲ್ಲ. ಎಲ್ಲಿ ಅಳೆಯಬೇಕೋ ಅದೇ ಜಾಗದಲ್ಲಿ, ಅದೇ ಕೋನದಲ್ಲಿ ಮೀಟರ್ ಹಿಡಿದು, ದವಡೆ ಮುಚ್ಚಿ, ವೈರ್ ಹೊರಗೇ ಇರುವಾಗ ಝೀರೋ ಒತ್ತಿ. ಆಮೇಲೆ ವೈರ್ ಒಳಗೆ ತೆಗೆದುಕೊಂಡು ಓದಿ, ಹೊರತೆಗೆದು ಮತ್ತೆ ಸೊನ್ನೆಗೆ ಬಂತೇ ನೋಡಿ. 20 ಆಂಪ್ ಅಳೆಯುವಾಗ ಇದೆಲ್ಲ ಅತಿ ಎನ್ನಿಸಬಹುದು. ಫೀಲ್ಡ್ ಕರೆಂಟ್, ಅಂದರೆ ಜನರೇಟರಿನೊಳಗೆ ಕಾಂತತ್ವ ಹುಟ್ಟಿಸುವ ಸಣ್ಣ ಕರೆಂಟ್, ಅಳೆಯುವಾಗ ಇದಿಲ್ಲದೆ ಅಂಕಿಗೆ ಅರ್ಥವೇ ಇಲ್ಲ.

ಮೀಟರ್ ಎಲ್ಲಿ ಹಾಕಬೇಕು ಎಂದು ತಿಳಿಯಲು ವ್ಯವಸ್ಥೆ ಗೊತ್ತಿರಬೇಕು. 1960ರ ದಶಕದ ಮಧ್ಯದವರೆಗಿನ ಸೆಸ್ನಾ 150, 172ಗಳಂಥ ವಿಮಾನಗಳಲ್ಲಿ ಇರುವುದು ಆಲ್ಟರ್ನೇಟರ್ ಅಲ್ಲ, ಡಿ.ಸಿ. ಜನರೇಟರ್, ನಮ್ಮ ಹಳೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಡೈನಮೊ. ಇದರಲ್ಲಿ ಫೀಲ್ಡ್ ಕಾಯಿಲ್‌ಗಳು ಹೊರಕವಚದಲ್ಲಿ ನಿಂತಿರುತ್ತವೆ, ನಡುವೆ ಆರ್ಮೇಚರ್, ಅಂದರೆ ಕರೆಂಟ್ ಹುಟ್ಟುವ ಸುರುಳಿ, ತಿರುಗುತ್ತದೆ, ಪೂರ್ತಿ ಕರೆಂಟ್ ಅದರ ತುದಿಯ ತಾಮ್ರದ ಪಟ್ಟಿಗಳ ಉಂಗುರವಾದ ಕಮ್ಯುಟೇಟರ್ ಮತ್ತು ಕಾರ್ಬನ್ ಬ್ರಷ್ ಮೂಲಕ ಹೊರಗೆ ಬರುತ್ತದೆ. ಫೀಲ್ಡಿನ ಕಬ್ಬಿಣದಲ್ಲಿ ಉಳಿದಿರುವ ಚೂರು ಕಾಂತತ್ವದಿಂದಲೇ ಅದು ತನ್ನನ್ನು ತಾನು ಎಬ್ಬಿಸಿಕೊಳ್ಳುತ್ತದೆ. ಬಾಂಬೆ ಫ್ಲೈಯಿಂಗ್ ಕ್ಲಬ್ ಹುಟ್ಟಿದ 1928ರ ಕಾಲದ ಹಗುರ ವಿಮಾನಗಳಿಗೆ ಇದರ ಗೊಡವೆಯೇ ಇರಲಿಲ್ಲ, ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿ ಎಂಜಿನ್ ಎಬ್ಬಿಸುತ್ತಿದ್ದರು. ಬೆಂಗಳೂರಿನ ಎಚ್‌.ಎ.ಎಲ್. ತಯಾರಿಸಿದ, 1958ರಲ್ಲಿ ಮೊದಲು ಹಾರಿದ ಪುಷ್ಪಕ್‌ಗೆ ಹಾಕಿದ್ದ ಕಾಂಟಿನೆಂಟಲ್ ಸಿ90-8ಎಫ್ ಎಂಜಿನ್ ಕೂಡ ಸ್ಟಾರ್ಟರ್, ಜನರೇಟರ್ ಇಲ್ಲದ ಸರಣಿಯದೇ. ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೊ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುವುದರಿಂದ ಇವತ್ತಿಗೂ ಜನರೇಟರ್ ಸತ್ತರೆ ಎಂಜಿನ್ ನಿಲ್ಲುವುದಿಲ್ಲ. ರೇಡಿಯೊ, ಲೈಟು, ಫ್ಲ್ಯಾಪ್ ಮೋಟಾರ್ ಬ್ಯಾಟರಿ ಇರುವಷ್ಟು ಹೊತ್ತು.

ರೆಗ್ಯುಲೇಟರ್ ಡಬ್ಬಿಯೊಳಗೆ ಮೂರು ರಿಲೇಗಳು. ಕಟೌಟ್ ರಿಲೇ ಜನರೇಟರ್ ವೋಲ್ಟೇಜ್ ಬ್ಯಾಟರಿಗಿಂತ ಮೇಲೇರಿದಾಗ, ಸುಮಾರು 12.5ರಿಂದ 13 ವೋಲ್ಟಿನಲ್ಲಿ, ಮುಚ್ಚಿಕೊಳ್ಳುತ್ತದೆ. ಕರೆಂಟ್ ಹಿಂದಕ್ಕೆ ಹರಿಯತೊಡಗಿದರೆ ತೆರೆದುಕೊಳ್ಳುತ್ತದೆ. ವೋಲ್ಟೇಜ್ ರಿಲೇ 14 ವೋಲ್ಟಿನ ಆಸುಪಾಸು ಹಿಡಿದಿಡುತ್ತದೆ. ಕರೆಂಟ್ ಲಿಮಿಟರ್ ಜನರೇಟರ್ ತನ್ನ ಶಕ್ತಿ ಮೀರಿ ದುಡಿದು ಸುಟ್ಟುಹೋಗದಂತೆ ಕಾಯುತ್ತದೆ. ಮೂರು ಟರ್ಮಿನಲ್ಲುಗಳು: ಬ್ಯಾಟರಿ, ಜನರೇಟರ್ ಮತ್ತು ಫೀಲ್ಡ್. ಡೆಲ್ಕೊ-ರೆಮಿ ಜನರೇಟರುಗಳಲ್ಲಿ ಫೀಲ್ಡಿನ ಒಂದು ತುದಿ ಒಳಗೇ ಆರ್ಮೇಚರ್ ಬ್ರಷ್‌ಗೆ ಸೇರಿರುತ್ತದೆ, ಇನ್ನೊಂದು ತುದಿ ಹೊರಗೆ ಬಂದು ರೆಗ್ಯುಲೇಟರ್ ಮೂಲಕ ಅರ್ತ್ ಆಗುತ್ತದೆ. ಇದು ಎ ಸರ್ಕ್ಯೂಟ್. ಫೀಲ್ಡ್ ಒಳಗೇ ಅರ್ತ್ ಆಗಿ, ಹೊರಗಿನಿಂದ ಪ್ಲಸ್ ತೆಗೆದುಕೊಂಡರೆ ಬಿ ಸರ್ಕ್ಯೂಟ್. ಇವೆರಡನ್ನು ಅದಲುಬದಲು ಮಾಡಿಕೊಂಡರೆ ಪರೀಕ್ಷೆ ಮಾಡುವಾಗಲೇ ರೆಗ್ಯುಲೇಟರ್ ಸುಡುತ್ತದೆ. ಆದ್ದರಿಂದ ಯಾವುದು ಎಂದು ಕೈಪಿಡಿಯಲ್ಲಿ ನೋಡದೆ ಜಂಪರ್ ವೈರ್ ಮುಟ್ಟಬೇಡಿ. ಇಲ್ಲಿಂದ ಮುಂದೆ ಹೇಳುವುದೆಲ್ಲ ಎ ಸರ್ಕ್ಯೂಟ್‌ಗೆ.

ಪ್ಯಾನೆಲ್ಲಿನ ಅಮ್ಮೀಟರ್ ಇರುವಾಗ ಇನ್ನೊಂದು ಮೀಟರ್ ಯಾಕೆ ಎಂದು ಕೆಲವರು ಕೇಳುತ್ತಾರೆ. ಹಳೆಯ ಸೆಸ್ನಾಗಳಲ್ಲಿ ಸೊನ್ನೆ ನಡುವೆ ಇರುವ ಅಮ್ಮೀಟರ್ ತೋರಿಸುವುದು ಬ್ಯಾಟರಿಗೆ ಹೋಗುವ ಅಥವಾ ಬರುವ ಕರೆಂಟ್ ಮಾತ್ರ. ಅದನ್ನು ನೋಡಿ ಜನರೇಟರಿನ ಶಕ್ತಿ ಅಳೆಯುವುದು, ಪಾಸ್‌ಬುಕ್‌ನ ಉಳಿಕೆ ನೋಡಿ ಸಂಬಳ ಎಷ್ಟೆಂದು ಹೇಳಿದ ಹಾಗೆ. ಸೂಜಿ ಸೊನ್ನೆಯಲ್ಲಿ ನಿಂತಿದ್ದರೆ ಬ್ಯಾಟರಿ ತುಂಬಿ ಜನರೇಟರ್ ಎಲ್ಲ ಲೋಡನ್ನೂ ಹೊತ್ತಿರಬಹುದು. ಅಥವಾ ಸೂಜಿಯೇ ಅಂಟಿಕೊಂಡಿರಬಹುದು. ಪೈಪರ್ ಚೆರೊಕಿಯಂಥವುಗಳಲ್ಲಿ ಇರುವುದು ಲೋಡ್‌ಮೀಟರ್, ಅದು ಉತ್ಪಾದನೆಯನ್ನೇ ತೋರಿಸುತ್ತದೆ. ಅಲ್ಲಿ ಸೊನ್ನೆ ಎಂದರೆ ಸತ್ತಂತೆ. ಎರಡೂ ಬಗೆಯ ವಿಮಾನ ಇರುವ ಹ್ಯಾಂಗರಿನಲ್ಲಿ ಈ ಗೊಂದಲದಿಂದಲೇ ಎಷ್ಟೋ ತಪ್ಪು ಸ್ನ್ಯಾಗ್ ದಾಖಲಾಗುತ್ತವೆ. ಕ್ಲ್ಯಾಂಪ್ ಮೀಟರ್ ಪ್ಯಾನೆಲ್ ಹಿಂದೆ ಅಮ್ಮೀಟರಿಗೆ ಹೋಗುವ ವೈರ್ ಮೇಲೆ ಹಾಕಿ, ಮಾಸ್ಟರ್ (ಇಡೀ ವಿಮಾನದ ಮುಖ್ಯ ವಿದ್ಯುತ್ ಸ್ವಿಚ್) ಆನ್ ಮಾಡಿ, ಲ್ಯಾಂಡಿಂಗ್ ಲೈಟ್ ಹಚ್ಚಿ. 4509 ಬಲ್ಬ್ 13 ವೋಲ್ಟಿಗೆ 100 ವಾಟ್, ಅಂದರೆ 7.7 ಆಂಪ್. ಬ್ಯಾಟರಿ ಮೇಲೆ ಮಾತ್ರ ಇದ್ದಾಗ ಸ್ವಲ್ಪ ಕಡಿಮೆ ಬರುತ್ತದೆ. ಲೈಟ್ ಹಚ್ಚುವ ಮೊದಲಿನ ಅಂಕಿ, ಹಚ್ಚಿದ ಮೇಲಿನ ಅಂಕಿ, ಇವೆರಡರ ವ್ಯತ್ಯಾಸ ಆ ಏಳು ಚಿಲ್ಲರೆ ಆಂಪ್ ಆಗಿದ್ದರೆ ನಿಮ್ಮ ಮೀಟರ್ ಸರಿ, ಪ್ಯಾನೆಲ್ ಸೂಜಿಯನ್ನೂ ಅದರ ಜೊತೆ ಹೋಲಿಸಿ ನೋಡಬಹುದು. ಎಂಜಿನ್ ಆನ್ ಮಾಡದೆ ಸಿಗುವ ಇಷ್ಟು ಖಚಿತ ಹೋಲಿಕೆ ಬೇರೆ ಇಲ್ಲ.

ಇಷ್ಟರಲ್ಲೇ ಇನ್ನೊಂದು ವಿಷಯ ಹೊರಬೀಳುತ್ತದೆ. ಹಳೆಯ 150ರಲ್ಲಿ 20 ಆಂಪ್ ಜನರೇಟರ್ ಇದ್ದರೆ ಲ್ಯಾಂಡಿಂಗ್ ಲೈಟ್, ಪಿಟೊ ಹೀಟ್ (ವೇಗ ಅಳೆಯುವ ಕೊಳವೆಯ ಹೀಟರ್), ಬೀಕನ್, ಮೂರು ನ್ಯಾವ್ ಲೈಟ್, ರೇಡಿಯೊ ಎಲ್ಲ ಒಟ್ಟಿಗೆ ಹಾಕಿದಾಗ ಅದು ಸೋಲಲೇಬೇಕು. ಕರೆಂಟ್ ಲಿಮಿಟರ್ ತನ್ನ ಕೆಲಸ ಮಾಡುತ್ತದೆ, ವೋಲ್ಟೇಜ್ ಇಳಿಯುತ್ತದೆ, ಅಮ್ಮೀಟರ್ ಡಿಸ್ಚಾರ್ಜ್ ಕಡೆ ವಾಲುತ್ತದೆ. ಇದು ಕೆಟ್ಟ ಜನರೇಟರ್ ಅಲ್ಲ, ಶಕ್ತಿ ಸಾಲದ ಜನರೇಟರ್. ಕ್ಲ್ಯಾಂಪ್ ಹಾಕಿ ಒಂದೊಂದೇ ಸ್ವಿಚ್ ಹಾಕುತ್ತಾ ಆಂಪ್ ಬರೆದುಕೊಂಡರೆ ಹತ್ತು ನಿಮಿಷದಲ್ಲಿ ಆ ವಿಮಾನದ ಲೋಡ್ ಪಟ್ಟಿ ಸಿದ್ಧ. ಟ್ಯಾಕ್ಸಿ ಮಾಡುವಾಗ ಜನರೇಟರ್ ಏನೂ ಕೊಡದಿರುವುದೂ ಹೀಗೆಯೇ ಸಹಜ. ಐಡಲ್‌ನಲ್ಲಿ ಕಟೌಟ್ ತೆರೆದೇ ಇರುತ್ತದೆ. ಪರೀಕ್ಷೆಗಳನ್ನು 1500 ಆರ್‌ಪಿಎಂ ಮೇಲೆಯೇ ಮಾಡಬೇಕು.

ಈಗ ಈ ಮೀಟರ್ ತನ್ನ ಬೆಲೆಗೆ ಮೀರಿ ದುಡಿಯುವ ಜಾಗ, ಫೀಲ್ಡ್ ವೈರ್. 12 ವೋಲ್ಟ್ ಜನರೇಟರಿನ ಫೀಲ್ಡ್ ಪೂರ್ತಿ ಎಳೆದಾಗ ತೆಗೆದುಕೊಳ್ಳುವುದು ಸುಮಾರು 1.5ರಿಂದ 2 ಆಂಪ್. ದೊಡ್ಡ ಕ್ಲ್ಯಾಂಪ್ ಮೀಟರುಗಳಿಗೆ ಇದು ಚಿಲ್ಲರೆ, 210ಇಗೆ ಮಾತ್ರ ಹೇಳಿಮಾಡಿಸಿದ ಅಳತೆ. ಆದರೆ ರೆಗ್ಯುಲೇಟರ್ ಸಾಮಾನ್ಯವಾಗಿ, ಎಂಜಿನ್ನನ್ನೂ ಕ್ಯಾಬಿನ್ನನ್ನೂ ಬೇರ್ಪಡಿಸುವ ಫೈರ್‌ವಾಲ್‌ನ ಎಂಜಿನ್ ಬದಿಗೆ ಇರುತ್ತದೆ. ಎಂಜಿನ್ ಓಡುವಾಗ ಕೌಲಿಂಗ್ (ಎಂಜಿನ್ ಹೊದಿಕೆ) ಒಳಗೆ ಕೈ ಹಾಕುವ ಮಾತೇ ಇಲ್ಲ, ಪ್ರೊಪೆಲ್ಲರ್ ಹಿಂದೆ ನಿಂತು ಮೀಟರ್ ಓದಲು ಹೋಗಿ ಜೀವ ಕಳೆದುಕೊಳ್ಳಬೇಡಿ. ಎಂಜಿನ್ ನಿಂತಿರುವಾಗ, ಮಾಸ್ಟರ್ ಆಫ್, ಮ್ಯಾಗ್ನೆಟೊ ಆಫ್ ಇರುವಾಗ ರೆಗ್ಯುಲೇಟರಿನ ಫೀಲ್ಡ್ ವೈರ್ ಬಿಚ್ಚಿ, ನಡುವೆ 18 ಗೇಜ್‌ನ ಎರಡು ಮೀಟರ್ ವೈರಿನ ಒಂದು ಲೂಪ್ ಜೋಡಿಸಿ. ಜೋಡಣೆಗೆ ಸರಿಯಾದ ಲಗ್ (ವೈರ್ ತುದಿಗೆ ಹಾಕುವ ಲೋಹದ ಕಿವಿ), ಮೇಲೆ ಇನ್ಸುಲೇಷನ್ ಸ್ಲೀವ್ ಇರಲಿ. ಲೂಪನ್ನು ಎಕ್ಸಾಸ್ಟ್‌ನಿಂದ ದೂರ ಕಟ್ಟಿ, ಕೌಲಿಂಗ್ ಅಂಚಿನಿಂದ ಹಿಂದಕ್ಕೆ ತಂದು, ಟೇಪ್ ಹಾಕಿ, ಬಾಗಿಲ ಸಂದಿಯಿಂದ ಒಳಗೆ ಬಿಡಿ. ಇದು ನೆಲದ ಮೇಲಿನ ಪರೀಕ್ಷೆಗೆ ಮಾತ್ರ, ಮುಗಿದ ಮೇಲೆ ತೆಗೆದು ಮೂಲದಂತೆ ಜೋಡಿಸಿ ಸಹಿ ಮಾಡಬೇಕು. ಬಸ್ (ಎಲ್ಲ ಉಪಕರಣಗಳಿಗೂ ಕರೆಂಟ್ ಹಂಚುವ ಪಟ್ಟಿ) ವೋಲ್ಟೇಜ್‌ಗೆ ಇನ್ನೊಂದು ಮಲ್ಟಿಮೀಟರ್ ಸಿಗರೇಟ್ ಲೈಟರ್ ಸಾಕೆಟ್ ಅಥವಾ ಬಸ್ ಬಾರ್‌ಗೆ ಹಾಕಿ. ಚಕ್ರಗಳಿಗೆ ಚಾಕ್ ಇಟ್ಟು, ಪಾರ್ಕಿಂಗ್ ಬ್ರೇಕ್ ಎಳೆದು, ಸೀಟಿನಲ್ಲಿ ಅಧಿಕಾರವಿರುವ ಒಬ್ಬರು ಕೂತು ಎಂಜಿನ್ ನೋಡಿಕೊಳ್ಳಲಿ, ಓದುವವರು ಪಕ್ಕದಲ್ಲಿರಲಿ.

ಈಗ ಎರಡು ಅಂಕಿ ಸಾಕು, ವೋಲ್ಟೇಜ್ ಮತ್ತು ಫೀಲ್ಡ್ ಕರೆಂಟ್. ಎಲ್ಲ ಸರಿಯಿದ್ದರೆ ವೋಲ್ಟೇಜ್ 14ರ ಹತ್ತಿರ ನಿಂತು, ಲೋಡ್ ಹಾಕಿದಂತೆ ಫೀಲ್ಡ್ ಕರೆಂಟ್ ಏರುತ್ತದೆ, ತೆಗೆದಂತೆ ಇಳಿಯುತ್ತದೆ. ರೆಗ್ಯುಲೇಟರಿನ ಕಾಂಟ್ಯಾಕ್ಟ್ ಸೆಕೆಂಡಿಗೆ ಹಲವು ಬಾರಿ ತೆರೆದು ಮುಚ್ಚುವುದರಿಂದ ಮೀಟರ್ ತೋರಿಸುವುದು ಸರಾಸರಿ, ಕೊನೆಯ ಅಂಕಿ ಕುಣಿಯುತ್ತಿದ್ದರೆ ಗಾಬರಿ ಬೇಡ. ವೋಲ್ಟೇಜ್ 12ರಲ್ಲೇ ಒದ್ದಾಡುತ್ತಿದೆ, ಆದರೆ ಫೀಲ್ಡ್ ಒಂದೂವರೆ ಆಂಪ್ ದಾಟಿದೆ ಎಂದರೆ ರೆಗ್ಯುಲೇಟರ್ ‘ಕೊಡು’ ಎನ್ನುತ್ತಿದೆ, ಜನರೇಟರ್ ಕೊಡಲಾಗುತ್ತಿಲ್ಲ. ಆಗ ಬ್ರಷ್, ಕಮ್ಯುಟೇಟರ್, ಆರ್ಮೇಚರ್, ಬೆಲ್ಟ್ ಅಥವಾ ಡ್ರೈವ್ ಕಪ್ಲಿಂಗ್ ನೋಡಿ. ವೋಲ್ಟೇಜ್ ಕಡಿಮೆ, ಫೀಲ್ಡ್ ಕರೆಂಟೂ ಹೆಚ್ಚುಕಡಿಮೆ ಸೊನ್ನೆ ಎಂದರೆ ಫೀಲ್ಡ್ ದಾರಿ ಎಲ್ಲೋ ಕಡಿದಿದೆ: ರೆಗ್ಯುಲೇಟರಿನ ಕರಕಲು ಕಾಂಟ್ಯಾಕ್ಟ್, ಅದರ ಅಡಿಯ ಅರ್ತ್, ಲೂಸ್ ಲಗ್, ಇಲ್ಲವೇ ಕಾಯಿಲ್. ಆದರೆ ಇಲ್ಲಿ ಅವಸರ ಬೇಡ. ಫೀಲ್ಡ್‌ಗೆ ಕರೆಂಟ್ ಬರುವುದೇ ಆರ್ಮೇಚರಿನಿಂದ. ಆರ್ಮೇಚರ್ ಎದ್ದೇ ಇಲ್ಲದಿದ್ದರೆ ಫೀಲ್ಡೂ ಸೊನ್ನೆಯೇ. ಇದನ್ನು ಬಿಡಿಸಲು ಫೀಲ್ಡ್ ವೈರ್ ತೆಗೆದು ಇನ್ಸುಲೇಟ್ ಮಾಡಿ, ಜನರೇಟರ್ ಟರ್ಮಿನಲ್ಲಿನಿಂದ ಲೂಪಿನ ಹಾಗೆಯೇ ಮೊದಲೇ ಒಳಗೆ ವೈರ್ ತಂದುಕೊಂಡು, ಎಂಜಿನ್ 1500ಕ್ಕೆ ತಂದು ಅಲ್ಲಿನ ವೋಲ್ಟೇಜ್ ನೋಡಿ. ಒಂದೆರಡು ವೋಲ್ಟ್ ಇದ್ದರೆ ಉಳಿಕೆ ಕಾಂತತ್ವ ಇದೆ, ಆರ್ಮೇಚರ್ ತಿರುಗುತ್ತಿದೆ, ಬ್ರಷ್ ಮುಟ್ಟುತ್ತಿದೆ. ಸಂಪೂರ್ಣ ಸೊನ್ನೆ ಇದ್ದರೆ ಮಾತ್ರ ಜನರೇಟರ್ ಕಡೆ ತಿರುಗಿ. ಎಂಜಿನ್ ನಿಲ್ಲಿಸಿ, ವೈರ್ ಬಿಚ್ಚಿ, ಜನರೇಟರಿನ ಆರ್ಮೇಚರ್ ಮತ್ತು ಫೀಲ್ಡ್ ಟರ್ಮಿನಲ್ ನಡುವೆ ಓಮ್ ಅಳೆದರೆ ಕಾಯಿಲ್ ಚೆನ್ನಾಗಿದ್ದಾಗ ಕೆಲವೇ ಓಮ್ ಬರಬೇಕು.

ಮೂರನೆಯ ಜೋಡಿ ಎಲ್ಲಕ್ಕಿಂತ ಅಪಾಯದ್ದು, ವೋಲ್ಟೇಜ್ 15 ದಾಟಿ ಏರುತ್ತಿರುವುದು. ಜೊತೆಗೆ ಲೂಪಿನಲ್ಲಿ ಫೀಲ್ಡ್ ಕರೆಂಟ್ ಪೂರ್ತಿ ಇದ್ದರೆ ರೆಗ್ಯುಲೇಟರ್ ಕಾಂಟ್ಯಾಕ್ಟ್ ಅಂಟಿಕೊಂಡಿದೆ. ಆದರೆ ವೋಲ್ಟೇಜ್ ಏರುತ್ತಿದೆ, ಲೂಪಿನಲ್ಲಿ ಕರೆಂಟ್ ಸೊನ್ನೆ ಎಂದಾದರೆ? ಮೀಟರ್ ಕೆಟ್ಟಿದೆ ಎಂದುಕೊಳ್ಳುವವರೇ ಹೆಚ್ಚು. ನಿಜದಲ್ಲಿ ಅದು ಹೇಳುತ್ತಿರುವುದು ಅಮೂಲ್ಯವಾದ ಮಾತು: ಜನರೇಟರಿಗೂ ಲೂಪಿಗೂ ನಡುವೆ ಫೀಲ್ಡ್ ವೈರಿನ ಇನ್ಸುಲೇಷನ್ ಸವೆದು ಎಂಜಿನ್ ಅಥವಾ ಫೈರ್‌ವಾಲ್‌ಗೆ ಮುಟ್ಟಿದೆ. ಎ ಸರ್ಕ್ಯೂಟಿನಲ್ಲಿ ಫೀಲ್ಡ್ ವೈರ್ ಅರ್ತ್ ಆದರೆ ಅದೇ ಪೂರ್ಣ ಫೀಲ್ಡ್. ಕರೆಂಟ್ ರೆಗ್ಯುಲೇಟರ್ ತನಕ ಬರುವುದೇ ಇಲ್ಲ, ರೆಗ್ಯುಲೇಟರಿಗೆ ಹಿಡಿತವೂ ಇಲ್ಲ. ಕೂಡಲೇ ಎಂಜಿನ್ ನಿಲ್ಲಿಸಿ. ವೈರಿನ ಎರಡೂ ತುದಿ ಬಿಚ್ಚಿ, ಅರ್ತ್‌ಗೆ ಓಮ್ ಮೀಟರ್ ಹಾಕಿ, ವೈರನ್ನು ಉದ್ದಕ್ಕೂ ಅಲುಗಾಡಿಸುತ್ತಾ ಹೋಗಿ. ಕ್ಲಿಪ್ ಕೆಳಗೆ, ಗ್ರೊಮೆಟ್ ಅಂಚಿನಲ್ಲಿ ಅಂಕಿ ಒಮ್ಮೆ ಮಿಂಚಿ ಮಾಯವಾಗುವ ಜಾಗವೇ ರೋಗ. ಹೊಸ ರೆಗ್ಯುಲೇಟರಿನ ಹಣ ಅಲ್ಲೇ ಉಳಿಯುತ್ತದೆ.

ಕಟೌಟ್ ಪರೀಕ್ಷೆಗೆ ಇಷ್ಟು ಸರ್ಕಸ್ ಬೇಡ. ಎಂಜಿನ್ ನಿಂತಿದೆ, ಮಾಸ್ಟರ್ ಆನ್ ಇದೆ ಎಂದರೆ ಜನರೇಟರ್ ಔಟ್‌ಪುಟ್ ವೈರಿನಲ್ಲಿ ಕರೆಂಟ್ ಸೊನ್ನೆ ಇರಬೇಕು. ಪ್ರೊಪೆಲ್ಲರ್ ಕಡೆ ಹೋಗದೆ, ಎಂಜಿನ್ ತಣ್ಣಗಿರುವಾಗ ಕ್ಲ್ಯಾಂಪ್ ಹಾಕಿ ನೋಡಿ. ಬ್ಯಾಟರಿಯಿಂದ ಜನರೇಟರ್ ಕಡೆಗೆ ಹಲವು ಆಂಪ್ ಹರಿಯುತ್ತಿದ್ದರೆ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ, ಬ್ಯಾಟರಿ ಜನರೇಟರನ್ನು ಮೋಟಾರ್ ಮಾಡಲು ಯತ್ನಿಸುತ್ತಿದೆ. ಮಾಸ್ಟರ್ ತಕ್ಷಣ ಆಫ್ ಮಾಡಿ. ಹೀಗೆ ಬೆಸೆಯಲು ದೊಡ್ಡ ಕಾರಣ ಜನರೇಟರಿನ ಪೋಲಾರಿಟಿ (ಪ್ಲಸ್, ಮೈನಸ್) ತಿರುಗಿರುವುದು. ಜನರೇಟರ್ ಅಥವಾ ರೆಗ್ಯುಲೇಟರ್ ಬಿಚ್ಚಿ ಹಾಕಿದ ಮೇಲೆ, ಎಂಜಿನ್ ಆನ್ ಮಾಡುವ ಮೊದಲು, ಎ ಸರ್ಕ್ಯೂಟಿನಲ್ಲಿ ರೆಗ್ಯುಲೇಟರಿನ ಬ್ಯಾಟರಿ ಮತ್ತು ಜನರೇಟರ್ ಟರ್ಮಿನಲ್ಲುಗಳ ನಡುವೆ ಜಂಪರ್ ಒಂದು ಕ್ಷಣ ಮುಟ್ಟಿಸಿ ತೆಗೆಯಬೇಕು. ಒಂದು ಕಿಡಿ ಸಾಕು. ಇದನ್ನು ಬಿಟ್ಟರೆ ಜನರೇಟರ್ ಉಲ್ಟಾ ಎದ್ದು ಕಟೌಟ್ ಕಾಂಟ್ಯಾಕ್ಟ್ ಪಟಪಟ ಬಡಿದು ಸುಟ್ಟುಕೊಳ್ಳುತ್ತದೆ. ಇದರ ಜೊತೆಗೇ ನೋಡಬೇಕಾದ್ದು ರೇಡಿಯೊ ಗೊರಗೊರ ತಡೆಯಲು ಹಾಕುವ ಕೆಪ್ಯಾಸಿಟರ್. ಅದರ ಜಾಗ ಆರ್ಮೇಚರ್ ಟರ್ಮಿನಲ್. ಫೀಲ್ಡ್ ಟರ್ಮಿನಲ್ಲಿಗೆ ಹಾಕಿದರೆ ರೆಗ್ಯುಲೇಟರಿನ ಕಾಂಟ್ಯಾಕ್ಟ್ ಬೇಗ ಸುಡುತ್ತದೆ.

ಜುಹುವಿನಲ್ಲಿ, ಗೋವಾದಲ್ಲಿ ಕಡಲ ಗಾಳಿ, ಮೇಲೆ ನಾಲ್ಕು ತಿಂಗಳ ಮಳೆ. ಇಲ್ಲಿ ಲಗ್ಗುಗಳ ಕೆಳಗೆ ಹಸಿರು ಕಿಲುಬು ಹಿಡಿಯುವುದು ಮಾಮೂಲು. ಇದಕ್ಕೆ ಓಮ್ ರೇಂಜ್ ಉಪಯೋಗಕ್ಕೆ ಬಾರದು. ಅರ್ತ್ ದಾರಿಯ ರೆಸಿಸ್ಟೆನ್ಸ್ ಇರಬೇಕಾದ್ದು 0.005 ಓಮ್ ಒಳಗೆ, ಅಷ್ಟು ಸಣ್ಣದನ್ನು ಈ ಮೀಟರ್ ಎಂದಲ್ಲ, ಯಾವ ಸಾಮಾನ್ಯ ಮೀಟರೂ ನಂಬುವಂತೆ ತೋರಿಸುವುದಿಲ್ಲ. ಕರೆಂಟ್ ಹರಿಸಿ ವೋಲ್ಟೇಜ್ ಎಷ್ಟು ಬೀಳುತ್ತದೆ ಎಂದು ನೋಡುವುದೇ ದಾರಿ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌.ಎ.ಎ.ಯ ಅಡ್ವೈಸರಿ ಸರ್ಕ್ಯುಲರ್ 43.13-1ಬಿ ಮಾರ್ಗಸೂಚಿಯಂತೆ ಜನರೇಟರ್ ಪೂರ್ಣ ಕರೆಂಟ್ ಕೊಡುವಾಗ ಅಲ್ಲಿಂದ ಬಸ್ ತನಕ ಬೀಳಬಹುದಾದ್ದು ನಿಯಂತ್ರಿತ ವೋಲ್ಟೇಜಿನ ಶೇ. 2, ಅಂದರೆ 14 ವೋಲ್ಟಿಗೆ 0.28. ಬಸ್‌ನಿಂದ ಸದಾ ಓಡುವ ಉಪಕರಣದ ತನಕ 0.5 ವೋಲ್ಟ್. ಎಂಜಿನ್ ಬೇಡ, ಲ್ಯಾಂಡಿಂಗ್ ಲೈಟ್ ಹಚ್ಚಿ ಬ್ಯಾಟರಿ ಪೋಸ್ಟ್‌ನಿಂದ ಬಸ್ ತನಕ, ಆಮೇಲೆ ಮಾಸ್ಟರ್ ಕಾಂಟ್ಯಾಕ್ಟರಿನ ಎರಡು ಬೋಲ್ಟುಗಳ ನಡುವೆ, ಆಮೇಲೆ ಬ್ಯಾಟರಿ ನೆಗೆಟಿವ್‌ನಿಂದ ವಿಮಾನದ ಲೋಹದ ಮೈ ತನಕ, ಹೀಗೆ ತುಂಡುತುಂಡಾಗಿ ಅಳೆಯಿರಿ. 210ಇ ಇಂಥ ಸಣ್ಣ ವೋಲ್ಟೇಜನ್ನು ಮೂರನೇ ದಶಮಾಂಶ ತನಕ ತೋರಿಸುತ್ತದೆ, ಅದೇ ವೈರಿನ ಆಂಪ್ ಕ್ಲ್ಯಾಂಪ್‌ನಿಂದ ಸಿಗುತ್ತದೆ, ಭಾಗಿಸಿದರೆ ಓಮ್. ಒಂದು ಲಗ್ಗಿನಲ್ಲಿ 20 ಆಂಪ್‌ಗೆ 0.6 ವೋಲ್ಟ್ ಬಿದ್ದರೆ 0.03 ಓಮ್, ಆ ಒಂದೇ ಜಾಗದಲ್ಲಿ 12 ವಾಟ್ ಬಿಸಿ. ಬಣ್ಣಗೆಟ್ಟ ಸ್ಲೀವ್, ಗಟ್ಟಿಯಾದ ವೈರ್ ತುದಿ ಆ ಬಿಸಿಯದೇ ಗುರುತು. ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಹೊಸ ಲಗ್ ಕ್ರಿಂಪ್ ಮಾಡಿ, ಮತ್ತೆ ಅಳೆಯಿರಿ.

ಬ್ರಷ್ ವಿಚಾರ ಇಲ್ಲಿ ಪೂರ್ತಿ ಹೇಳಲಾಗದು. ಮೂಲ ಉದ್ದದ ಅರ್ಧಕ್ಕೆ ಸವೆದರೆ ಬದಲಿಸಿ, ಹೋಲ್ಡರಿನಲ್ಲಿ ಸಲೀಸಾಗಿ ಜಾರುತ್ತದೆಯೇ ನೋಡಿ, ಕಮ್ಯುಟೇಟರನ್ನು ನುಣುಪು ಸ್ಯಾಂಡ್ ಪೇಪರಿನಿಂದ ಮಾತ್ರ ಉಜ್ಜಿ. ಎಮರಿ ಪೇಪರಿನ ಪುಡಿ ಕರೆಂಟ್ ಹರಿಸುತ್ತದೆ, ಸೆಗ್ಮೆಂಟುಗಳ ನಡುವೆ ಕೂತು ಶಾರ್ಟ್ ಮಾಡುತ್ತದೆ. ಲೈಕಮಿಂಗ್ ಎಂಜಿನ್ನಿನ ಮುಂದೆ ಬೆಲ್ಟ್ ಮೇಲೆ ಓಡುವ ಜನರೇಟರ್ ಆದರೆ ಬೆಲ್ಟ್ ಬದಲಿಸಲು ಪ್ರೊಪೆಲ್ಲರ್ ಇಳಿಸಬೇಕು, ಆದ್ದರಿಂದ ಬೆಲ್ಟಿನ ಬಿಗಿತ ಮೊದಲೇ ನೋಡಿ.

ಈ ಮೀಟರಿನ ಮಿತಿಗಳೂ ಸ್ಪಷ್ಟವಿರಲಿ. 100 ಆಂಪ್ ಮೀರಿದರೆ ಓವರ್‌ಲೋಡ್. ಸ್ಟಾರ್ಟರ್ ಎಳೆಯುವ ಕರೆಂಟ್ ಇದರಿಂದ ಅಳೆಯಲಾಗದು, ಅದಕ್ಕೆ 400 ಆಂಪ್‌ನ ಫ್ಲೂಕ್ 325ರಂಥದ್ದು ಬೇಕು, ಬೆಲೆಯೂ ಅದೇ ಮಟ್ಟಿಗೆ ಮೇಲೆ. ದವಡೆ 17 ಮಿ.ಮೀ. ತೆರೆಯುತ್ತದೆ. ಸಣ್ಣ ವಿಮಾನದ ಬ್ಯಾಟರಿ ಕೇಬಲ್ ಒಂದಕ್ಕೆ ಸಾಕು, ಬಂಡಲ್‌ಗೆ ಸಾಲದು. ಇಕ್ಕಟ್ಟಿನಲ್ಲಿ ಸಣ್ಣ ದವಡೆಯೇ ಅನುಕೂಲ ಎನ್ನುವುದೂ ನಿಜ. ರೆಗ್ಯುಲೇಟರ್ ವೋಲ್ಟೇಜ್ ಸೆಟ್ ಮಾಡಲು ಇದರ ವೋಲ್ಟ್ ರೇಂಜ್ ಬಳಸಬೇಡಿ, 14 ವೋಲ್ಟಿನಲ್ಲಿ 0.1 ವೋಲ್ಟ್ ಆಚೀಚೆಯೂ ಬ್ಯಾಟರಿಯ ಆಯುಸ್ಸಿಗೆ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಕ್ಯಾಲಿಬ್ರೇಟ್ ಆದ ಮಲ್ಟಿಮೀಟರ್ ಇರಲಿ. ಮಾಸ್ಟರ್ ಆಫ್ ಇದ್ದಾಗ ಗಡಿಯಾರದಂಥವು ಕುಡಿಯುವ ಕರೆಂಟ್ ನೋಡುವಾಗ 20 ಮಿಲಿಆಂಪ್‌ಗಿಂತ ಕೆಳಗಿನ ಅಂಕಿಯನ್ನು ನೇರವಾಗಿ ನಂಬಬೇಡಿ, ಅಲ್ಲಿ ಝೀರೋ ಸರಿಯುವಿಕೆಯೇ ಅಷ್ಟಿರುತ್ತದೆ. ತೆಳ್ಳನೆಯ ಟೆಸ್ಟ್ ವೈರ್ ಸೇರಿಸಿ ಐದು ಸುತ್ತು ಹಾಕಿ, ಬಂದದ್ದನ್ನು ಐದರಿಂದ ಭಾಗಿಸಿ. ದವಡೆಯನ್ನು ಪ್ಯಾನೆಲ್ಲಿನ ಮ್ಯಾಗ್ನೆಟಿಕ್ ಕಂಪಾಸಿನ ಪಕ್ಕ ಇಡಬೇಡಿ.

ಕೊನೆಗೆ ಕಾಗದದ ಕೆಲಸ. ಅನುಮೋದಿತ ಸಂಸ್ಥೆಯಲ್ಲಿ ಸಹಿ ಹಾಕಿ ವಿಮಾನ ಬಿಡುಗಡೆ ಮಾಡುವ ಅಳತೆಗಳಿಗೆ ಕ್ಯಾಲಿಬ್ರೇಷನ್ ದಾಖಲೆ ಇರುವ ಉಪಕರಣವೇ ಬೇಕು. ಡಬ್ಬಿಯಿಂದ ತೆಗೆದ 210ಇ ಆ ಪಟ್ಟಿಯಲ್ಲಿ ಇಲ್ಲ. ಪುಣೆ, ಮುಂಬೈ ಎರಡೂ ಕಡೆ, ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್‌ಗಳಿವೆ. ಮಾಡಿಸುವುದಾದರೆ ಡಿ.ಸಿ. ಕರೆಂಟ್ ರೇಂಜನ್ನು, ಅದರಲ್ಲೂ 2 ಮತ್ತು 20 ಆಂಪ್ ಬಿಂದುಗಳನ್ನು ಎರಡೂ ದಿಕ್ಕಿನಲ್ಲಿ ಪರೀಕ್ಷಿಸಬೇಕೆಂದು ಬರೆದುಕೊಡಿ. ಹೇಳದಿದ್ದರೆ ಎ.ಸಿ. ಮಾತ್ರ ನೋಡಿ ಸ್ಟಿಕ್ಕರ್ ಅಂಟಿಸುವ ಸಾಧ್ಯತೆ ಇದೆ. ಎರಡು ಎಎಎ ಸೆಲ್‌ಗಳನ್ನು ಮಳೆಗಾಲದಲ್ಲಿ ಮೀಟರಿನೊಳಗೇ ಬಿಟ್ಟು ತಿಂಗಳುಗಟ್ಟಲೆ ಇಡಬೇಡಿ, ಸೋರಿದರೆ ಸ್ಪ್ರಿಂಗ್ ತಿಂದುಹಾಕುತ್ತವೆ.